ನಮ್ಮ ಅತ್ತೆಗೆ ಒಪ್ಪಿಗೆಯಾಗದ ನಿಘಂಟಿನ ಪ್ರಧಾನ ಸಂಪಾದಕರಿಗೆ

ಮಾನ್ಯರೇ,

ಜಪಾನೀ ಪದಗಳಿಗೆ ಜಪಾನೀ ಭಾಷೆಯಲ್ಲೇ ಅರ್ಥ ಹೇಳುವ, ಹೊರಗಿನವರಿಗೆ ಒಂದಿಷ್ಟೂ ಸೊಪ್ಪು ಹಾಕದ ತಮ್ಮ ನಿಘಂಟನ್ನು ಎರಡೂ ಕೈಗಳಿಂದ ಎತ್ತಿ ಕಣ್ಣಿಗೊತ್ತಿಕೊಂಡು, ಅದರ ಮೂಲೆ ಹುಬ್ಬಿಗೆ ಚುಚ್ಚಿದ್ದರಿಂದ ಮರ್ಯಾದೆಯಿಂದಲೇ ಕೆಳಗಿಟ್ಟು, ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ತಾವೂ, ತಮ್ಮ ಸಂಪಾದಕ ಮಂಡಳಿಯವರೂ, ಕರಡು ತಿದ್ದುವವರೂ, ಒಮ್ಮೆ ಸೀನಿದರೆ ಓದುಗನನ್ನು ಬೇರೊಂದು ಅಕ್ಷರಕ್ಕೇ ಕರೆದೊಯ್ಯುವ ಆ ತೆಳು ಹಾಳೆಯನ್ನು ಎಲ್ಲಿಂದಲೋ ಹುಡುಕಿ ತಂದ ಮಹಾನುಭಾವರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾವು ಅಷ್ಟೇನೂ ಕ್ಷೇಮವಾಗಿಲ್ಲ. ಅದರಲ್ಲಿ ತಮ್ಮ ಪಾಲು ಎಷ್ಟೆಂಬುದನ್ನು ಆದಷ್ಟು ವಿನಯದಿಂದ ತಿಳಿಸುವುದೇ ಈ ಪತ್ರದ ಉದ್ದೇಶ.

ತಮಗೆ ಓದಲು ಬಾರದ ನನ್ನ ಭಾಷೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳಬೇಕೆಂದುಕೊಂಡೆ. ಆಮೇಲೆ, ನನಗೆ ನೆಟ್ಟಗೆ ಬಾರದ ಭಾಷೆಯಲ್ಲಿ ತಾವು ಅಷ್ಟು ದಪ್ಪ ಪುಸ್ತಕ ಬರೆದಾಗ ನನ್ನನ್ನು ಒಂದು ಮಾತೂ ಕೇಳಿರಲಿಲ್ಲವೆಂಬುದು ನೆನಪಾಗಿ ಸುಮ್ಮನಾದೆ. ಈ ಪತ್ರದಲ್ಲಿ ಅರ್ಥವಾಗದ ಪದ ಬಂದಾಗ ತಾವೂ ನಮ್ಮ ಭಾಷೆಯ ಯಾವುದಾದರೊಂದು ನಿಘಂಟು ತೆರೆದು, ಅಲ್ಲಿ ಕೊಟ್ಟ ಅರ್ಥವೂ ಅರ್ಥವಾಗದೆ ಇನ್ನೊಂದು ಪದಕ್ಕೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಕೊನೆಗೆ ಮೊದಲು ಹುಡುಕಿದ್ದು ಏನೆಂಬುದನ್ನೇ ಮರೆತು ಊಟಕ್ಕೆ ಏಳಬೇಕೆಂಬುದು ನನ್ನ ಹೃತ್ಪೂರ್ವಕ ಹಾರೈಕೆ.

ನನ್ನ ಪರಿಚಯ ಹೇಳುವುದಾದರೆ, ನಾನು ಕನ್ನಡಕದ ಅಂಗಡಿಯವನು. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಚಪ್ಪಲಿ ಅಂಗಡಿಗೂ ಕೀಲಿಕೈ ಮಾಡುವವನಿಗೂ ನಡುವೆ ನನ್ನದೊಂದು ಉದ್ದನೆಯ, ಅಗಲವೇ ಇಲ್ಲದ ಕೋಣೆಯಿದೆ. ಒಂದು ತುದಿಯಲ್ಲಿ ಗಿರಾಕಿಯ ಕುರ್ಚಿ, ಇನ್ನೊಂದು ತುದಿಯಲ್ಲಿ ಕೆಳಗಿಳಿದಂತೆಲ್ಲ ಸಣ್ಣದಾಗುವ ಅಕ್ಷರಗಳ ಹಲಗೆ. ಕುಳಿತವರ ಒಂದು ಕಣ್ಣಿಗೆ ಕಪ್ಪು ಸೌಟಿನಂಥ ಮುಚ್ಚಳವೊಂದನ್ನು ಅಡ್ಡ ಹಿಡಿದು, ಇನ್ನೊಂದು ಕಣ್ಣಿನ ಮುಂದೆ ಗಾಜುಗಳನ್ನು ಬದಲಿಸುತ್ತಾ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಎಂದು ಕೇಳುವುದು ನನ್ನ ಕಸುಬು. ಸರಿಯುತ್ತರ ಯಾವುದೆಂದು ನನಗೂ ಗೊತ್ತಿರುವುದಿಲ್ಲ. ಕುರ್ಚಿಯಲ್ಲಿ ಕುಳಿತವರು ಹೇಳಿದ್ದೇ ಸರಿ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನನ್ನ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ತಮ್ಮ ದೇಶದವರು. ಹಡಗಿನ ಇಂಜಿನಿಯರ್ ಆಗಿದ್ದ ನಮ್ಮ ಮಾವ ಅಲ್ಲಿನ ಯಾವುದೋ ಬಂದರಿನಲ್ಲಿ ಅವರನ್ನು ಕಂಡು, ಮದುವೆಯಾಗಿ, ಇಲ್ಲಿಗೆ ಕರೆತಂದರು. ಇಲ್ಲಿ ಅತ್ತೆ ಪುರಸಭೆಯ ಈಜುಕೊಳದಲ್ಲಿ ಈಜು ಕಲಿಸುವ ಟೀಚರ್ ಆದರು. ಈ ಊರಿನಲ್ಲಿ ಇಂದು ತೇಲಬಲ್ಲವರೆಲ್ಲ ಒಂದು ಕಾಲದಲ್ಲಿ ಅವರಿಂದ ಕಿವಿ ಹಿಂಡಿಸಿಕೊಂಡವರೇ. ನಮ್ಮ ಭಾಷೆಯನ್ನು ನಮಗಿಂತ ಚೆನ್ನಾಗಿ ಕಲಿತರು. ಬೈಗುಳದ ವಿಭಾಗದಲ್ಲಂತೂ ಅವರದು ಎತ್ತಿದ ಕೈ. ಮಕ್ಕಳ ಹತ್ತಿರವೂ ನಮ್ಮ ಭಾಷೆಯಲ್ಲೇ ಮಾತು. ಜಪಾನೀ ಅವರ ಬಾಯಿಗೆ ಬರುತ್ತಿದ್ದದ್ದು ಕೊಳದ ಅಂಚಿನಲ್ಲಿ ನಿಂತು ಸೀಟಿ ಊದಿ ಕೂಗುವಾಗ ಮಾತ್ರ. ಹಾಗಾಗಿ ನನ್ನ ಹೆಂಡತಿಗೆ ತಾಯಿಯ ಭಾಷೆಯಲ್ಲಿ ಬರುವುದು "ಕಾಲು ಬಡಿ", "ಉಸಿರು ಬಿಡು", "ನೀರು ಕುಡೀಬೇಡ" ಎಂಬ ಅಪ್ಪಣೆಗಳಷ್ಟೇ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ನಾಲಿಗೆ ಸ್ವಲ್ಪ ತೊದಲಿತು, ಮತ್ತು ನಮ್ಮ ಭಾಷೆ ಬೇರುಸಹಿತ ಹೊರಟುಹೋಯಿತು. ಮೊದಲು ಕಲಿತದ್ದು ಉಳಿದು ಆಮೇಲೆ ಕಲಿತದ್ದು ಅಳಿಸಿಹೋಗುವುದುಂಟು ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಎಚ್ಚರವಾದವರೇ ಜಪಾನಿಯಲ್ಲಿ ಏನೇನೋ ಹೇಳತೊಡಗಿದರು, ನಾವೆಲ್ಲ ಮಂಚದ ಸುತ್ತ ನಿಂತು ತಲೆಯಾಡಿಸಿದೆವು. ನನ್ನ ಹೆಂಡತಿ ಅವರ ಕೈ ಹಿಡಿದುಕೊಂಡು, ಬೇರೇನೂ ಬಾರದ್ದರಿಂದ, "ಉಸಿರು ಎಳ್ಕೋ. ಬಿಡು. ಕಾಲು ಬಡಿ" ಎಂದು ತನಗೆ ಬರುವಷ್ಟನ್ನೂ ಅವರ ಭಾಷೆಯಲ್ಲಿ ಹೇಳಿದಳು. ಅತ್ತೆ ನಕ್ಕರು. ನನಗೆ ತಡೆಯಲಾಗದೆ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅಳಬೇಕಾಯಿತು. ಮರುದಿನವೇ ಹೋಗಿ ಜಪಾನೀ ಕಲಿಸುವ ಸಂಜೆಯ ತರಗತಿಗೆ ಸೇರಿಕೊಂಡೆ. ಕೆಲವು ತಿಂಗಳು ಕಲಿಸಿ ಮೇಷ್ಟರು ಬೇರೆ ಊರಿಗೆ ಹೋದರು, ಆಮೇಲೆ ಈ ಊರಿನಲ್ಲಿ ಆ ಭಾಷೆ ಬಲ್ಲವರೆಂದರೆ ಅತ್ತೆಯೊಬ್ಬರೇ ಉಳಿದರು.

ಇಲ್ಲಿ ನಮ್ಮ ಭಾವನವರನ್ನೂ, ಅಂದರೆ ನನ್ನ ಹೆಂಡತಿಯ ಅಣ್ಣನನ್ನೂ, ತಮಗೆ ಪರಿಚಯಿಸಬೇಕು. ಅವರು ವಿಮಾ ಕಂಪನಿಯ ಪರಿಶೀಲಕರು. ಅಪಘಾತವಾದ ವಾಹನಗಳ ಸುತ್ತ ಒಂದು ಸುತ್ತು ಬಂದು, "ಇದು ಇನ್ನು ರಿಪೇರಿಗೆ ಬರಲ್ಲ" ಎಂದು ಬರೆದುಕೊಡುವುದು ಅವರ ಉದ್ಯೋಗ. ತಾಯಿಯ ಮೇಲೆ ಅವರಿಗೆ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಪ್ರೀತಿಯನ್ನು ಅವರು ದನಿಯೇರಿಸಿ ತೋರಿಸುತ್ತಾರೆ. ಸಾಕಷ್ಟು ಗಟ್ಟಿಯಾಗಿ ಕೂಗಿದರೆ ಯಾವ ಭಾಷೆಯಾದರೂ ಯಾರಿಗಾದರೂ ಅರ್ಥವಾಗುತ್ತದೆಂಬುದು ಅವರ ನಂಬಿಕೆ. ಒಮ್ಮೆ ಅನುವಾದ ಮಾಡುವ ಫೋನನ್ನು ತಂದು ತಾಯಿಯ ಬಾಯಿಗೆ ಹಿಡಿದರು. ತೊದಲು ಮಾತು ಕೇಳಿ ಗೊಂದಲಗೊಂಡ ಫೋನು ಹತ್ತಿರದ ಪೆಟ್ರೋಲ್ ಬಂಕಿಗೆ ದಾರಿ ತೋರಿಸಿತು. ಅತ್ತೆ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ನೀರಿನ ಲೋಟದೊಳಗೆ ಇಳಿಬಿಟ್ಟು, ತೇಲುತ್ತದೆಯೇ ಎಂದು ನೋಡಿದರು.

ಇನ್ನು ನಿಘಂಟಿನ ವಿಷಯ. ಮೊದಲು ನಾನು ತಂದದ್ದು ಎರಡು ಭಾಷೆಯದು, ಆ ಕಡೆ ಜಪಾನೀ, ಈ ಕಡೆ ನಮ್ಮ ಭಾಷೆ. ಅದರಷ್ಟು ನಿರುಪಯೋಗಿ ವಸ್ತು ನಮ್ಮ ಮನೆಗೆ ಹಿಂದೆ ಬಂದಿರಲಿಲ್ಲ. ಅತ್ತೆ ಒಂದು ಪದವನ್ನು ತೋರಿಸಿದರೆ ಅರ್ಥ ನನಗೆ ಮಾತ್ರ ಕಾಣುತ್ತಿತ್ತು. ನಾನು ತಿಳಿದುಕೊಂಡದ್ದು ಸರಿಯೋ ತಪ್ಪೋ ಎಂದು ನೋಡಲು ಅವರಿಗೆ ದಾರಿಯಿರಲಿಲ್ಲ. ಒಂದೇ ಪುಟದ ಎಡಭಾಗದಲ್ಲಿ ಅವರು, ಬಲಭಾಗದಲ್ಲಿ ನಾನು, ನಡುವೆ ಗೋಡೆ. ಅತ್ತೆಯ ಭಾಷೆಯ ಕಡೆಗೇ ನಾನು ದಾಟಿಹೋಗದೆ ಗತಿಯಿಲ್ಲವೆಂಬುದು ಆಗ ತಲೆಗೆ ಹೊಳೆಯಿತು. ಇಬ್ಬರೂ ಒಂದೇ ಸಾಲನ್ನು ಓದಬೇಕು, ಓದಿ ಇಬ್ಬರೂ ಮುಖ ಗಂಟಿಕ್ಕಬೇಕು.

ಹೊರದೇಶದ ಪುಸ್ತಕಗಳನ್ನು ತರಿಸಿಕೊಡುವ ಅಂಗಡಿಯವರು ನನ್ನ ಮಟ್ಟವನ್ನು ಸರಿಯಾಗಿಯೇ ಅಳೆದು, ಶಾಲಾಮಕ್ಕಳ ಜಪಾನೀ ನಿಘಂಟೊಂದನ್ನು ಕೊಟ್ಟರು. ಮುಖಪುಟದಲ್ಲಿ ಕನ್ನಡಕ ಹಾಕಿಕೊಂಡ ಮೊಲ. ನನ್ನ ಕಸುಬಿಗೆ ಸಂದ ಗೌರವವೆಂದೇ ನಾನು ಖುಷಿಪಟ್ಟೆ. ಅತ್ತೆ ಮೊಲವನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಯ ಕಡೆ ಹೊರಳಿ ಮಲಗಿದರು. ಎರಡು ಹೊತ್ತು ನನ್ನ ಕೈಯಿಂದ ಔಷಧಿ ತೆಗೆದುಕೊಳ್ಳಲಿಲ್ಲ.

ಅವಮಾನ ತೊಳೆಯಲೆಂದು ಎಲ್ಲಕ್ಕಿಂತ ದೊಡ್ಡದನ್ನು ತಂದೆ. ಅದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದು, ನಮ್ಮ ನಿಲ್ದಾಣ ತಲುಪುವಷ್ಟರಲ್ಲಿ ಎರಡೂ ಕಾಲು ಜೋಮು ಹಿಡಿದು, ನನ್ನನ್ನೇ ಇಬ್ಬರು ಇಳಿಸಬೇಕಾಯಿತು. ಆ ಮಹಾಗ್ರಂಥದಲ್ಲಿ ಪದದ ಅತ್ಯಂತ ಹಳೆಯ ಅರ್ಥ ಮೊದಲು ಬರುತ್ತದೆ. ಸತ್ತುಹೋದ ರಾಜರುಗಳನ್ನೂ ಅವರ ಕವಿಗಳನ್ನೂ ಒಬ್ಬೊಬ್ಬರಾಗಿ ಮಾತಾಡಿಸಿಕೊಂಡು ಬಂದರೆ, ಪುಣ್ಯವಿದ್ದವರಿಗೆ ಕೊನೆಯಲ್ಲಿ ಇಂದಿನ ಅರ್ಥ ಸಿಗುತ್ತದೆ. ಅತ್ತೆಗೆ ಚೊಂಬು ಬೇಕಾದರೆ, ನಾನು ಇತಿಹಾಸ ಓದಿ ಮುಗಿಸುವ ಹೊತ್ತಿಗೆ ಚೊಂಬಿನ ಅಗತ್ಯ ಮುಗಿದಿರುತ್ತಿತ್ತು. ಮಂಚದ ಪಕ್ಕದ ಮಡಚುವ ಮೇಜು ಒಂದು ದಿನ ಅದರ ಭಾರಕ್ಕೆ ತಾನಾಗಿಯೇ ಮಡಚಿಕೊಂಡಿತು. ಮೇಜಿನ ಕೆಳಗೆ ಇದ್ದದ್ದು ನನ್ನ ಕಾಲು.

ಬರೀ ಜಪಾನಿಯ ನಿಘಂಟುಗಳಲ್ಲಿ ಮೂರನೆಯದು ತಮ್ಮದು. ಒಂದು ಕೈಯಲ್ಲಿ ಹಿಡಿಯಬಹುದಾದ ಗಾತ್ರ, ನೀಲಿ ರಟ್ಟು, ಗುರುತಿಗೊಂದು ದಾರ. ಅಂಗಡಿಯವರು "ಓದಿ ನೋಡಿ, ಬೇಡ ಅಂದ್ರೆ ವಾಪಸ್ ಕೊಡಿ" ಎಂದು ಕೊಟ್ಟರು. ನನ್ನ ಕುಂಟು ನಡಿಗೆ ನೋಡಿ ಅವರಿಗೆ ಕನಿಕರ ಬಂದಿರಬೇಕು. ಈ ಸಲ ನಾನು ಬುದ್ಧಿ ಉಪಯೋಗಿಸಿದೆ. ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿ, ಮೂರೂ ನಿಘಂಟುಗಳಲ್ಲಿ ನನಗೆ ಅತ್ಯಂತ ಹತ್ತಿರದ ಪದವಾದ 'ಕನ್ನಡಕ'ವನ್ನು ತೆಗೆದು, ಅಂಗಡಿಯಲ್ಲಿ ಗಾಜು ಬದಲಿಸುವಂತೆ ಒಂದಾದ ಮೇಲೊಂದು ಅವರ ಮುಂದೆ ಹಿಡಿದು, ಬಂದಷ್ಟು ಜಪಾನಿಯಲ್ಲಿ "ಇದಾ, ಅದಾ?" ಎಂದು ಕೇಳಿದೆ. ಮೊಲದ ಪುಸ್ತಕ 'ಚೆನ್ನಾಗಿ ಕಾಣಲೆಂದು ಕಣ್ಣಿಗೆ ಹಾಕಿಕೊಳ್ಳುವುದು' ಎಂದಿತು, ಅತ್ತೆ ಆಕಳಿಸಿದರು. ದೊಡ್ಡದು ಗಾಜಿನ ಚರಿತ್ರೆ ಶುರುಮಾಡಿತು. ಅತ್ತೆ ಕಿಟಕಿ ನೋಡಿದರು. ತಮ್ಮದು 'ದೃಷ್ಟಿದೋಷವನ್ನು ಸರಿಪಡಿಸುವ, ಅಥವಾ ಕಣ್ಣನ್ನು ಪ್ರಖರ ಬೆಳಕಿನಿಂದ ಕಾಪಾಡುವ ಉಪಕರಣ' ಎಂದಿತು. ಅತ್ತೆ ಲೊಚಗುಟ್ಟಿ, ಎಡಗೈ ಚಾಚಿ ಪೆನ್ಸಿಲ್ ಕೇಳಿ, ತಮ್ಮ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸೊಟ್ಟ ಅಕ್ಷರಗಳಲ್ಲಿ ಬರೆದರು: 'ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲಾ ಹುಡುಕುವುದು.'

ಅದೇ ಕ್ಷಣದಲ್ಲಿ ತಮ್ಮ ನಿಘಂಟನ್ನು ನಾನು ಕೊಂಡೆ. ಉಳಿದೆರಡನ್ನೂ ಅವರು ಕಡೆಗಣಿಸಿದರು, ತಮ್ಮೊಡನೆ ಮಾತ್ರ ಜಗಳಕ್ಕಿಳಿದರು. ಲಕ್ವ ಹೊಡೆದ ಮೇಲೆ ಅತ್ತೆ ಯಾರೊಡನೆಯೂ ಜಗಳವಾಡಿರಲಿಲ್ಲ, ಮತ್ತು ಜಗಳವಾಡದ ಅತ್ತೆಯನ್ನು ನೋಡಿ ನೋಡಿ ನಮಗೆಲ್ಲ ಹೆದರಿಕೆಯಾಗಿತ್ತು.

ಅಂದಿನಿಂದ ತಮ್ಮ ಮತ್ತು ಅತ್ತೆಯ ನಡುವೆ ನಡೆದಿರುವ ಕಾಳಗಕ್ಕೆ ನಾನು ಪುಟ ತಿರುಗಿಸುವ ಸೇವಕ. ಅಂಗಡಿ ಮುಚ್ಚಿ ಬಂದ ತಕ್ಷಣ ಅವರು ಕೋಣೆಯಲ್ಲಿರುವ ಏನನ್ನಾದರೂ ತೋರಿಸುತ್ತಾರೆ, ನಾನು ಅದನ್ನು ಎತ್ತಿ ತಂದು ಹೆಸರು ಕೇಳುತ್ತೇನೆ, ಅವರು ಹೇಳುತ್ತಾರೆ, ನಾನು ತಮ್ಮಲ್ಲಿ ಹುಡುಕುತ್ತೇನೆ, ಇಬ್ಬರೂ ಓದುತ್ತೇವೆ, ಆಮೇಲೆ ಅವರು ತಮಗೆ ಛೀಮಾರಿ ಹಾಕುತ್ತಾರೆ. ಬಕೆಟ್ಟು, ಕುಟ್ಟಾಣಿ, ಹೊಲಿಗೆ ಯಂತ್ರ, ಒಮ್ಮೆ ಬೀರುವಿನ ಕೆಳಗಿನ ಡ್ರಾಯರನ್ನು ಇಡಿಯಾಗಿ ಹೊತ್ತು ತಂದಿದ್ದೇನೆ. 'ನೆರೆಯವರು' ಎಂದರೆ ತಮ್ಮ ಪ್ರಕಾರ 'ಹತ್ತಿರದ ಮನೆಯಲ್ಲಿ ವಾಸಿಸುವವರು'. ಅತ್ತೆಯ ಪ್ರಕಾರ 'ನಮ್ಮ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತೆಂದು ಬಲ್ಲವರು'. 'ಈಜು' ಎಂದರೆ ತಮಗೆ 'ಕೈಕಾಲುಗಳ ಚಲನೆಯಿಂದ ನೀರಿನಲ್ಲಿ ಮುಂದುವರಿಯುವ ಕ್ರಿಯೆ'. ಇದನ್ನು ಓದಿ ಅತ್ತೆ, "ಇದನ್ನ ಬರೆದೋನು ಮುಳುಗೇ ಸತ್ತಿರಬೇಕು" ಎಂದರು. ನಿಜವಾಗಿದ್ದರೆ ದಯವಿಟ್ಟು ನಮ್ಮ ಸಂತಾಪಗಳನ್ನು ಸ್ವೀಕರಿಸಿ.

ನನಗೂ ತಮ್ಮ ಮೇಲೆ ಸ್ವಂತದ್ದೊಂದು ತಕರಾರಿತ್ತು. ಉದಾಹರಣೆಯ ವಾಕ್ಯಗಳಲ್ಲಿ, ಮುಖ್ಯ ಪದ ಬರಬೇಕಾದ ಕಡೆಯಲ್ಲೆಲ್ಲ, ತಾವು ಒಂದು ಅಡ್ಡಗೆರೆ ಎಳೆದು ಕೈತೊಳೆದುಕೊಂಡಿದ್ದೀರಿ. 'ನೀರು' ಎಂಬುದರ ಕೆಳಗೆ '— ಕುಡಿ', '— ಕಾಯಿಸು', '—ಲ್ಲಿ ಬೀಳು'. ಕಲಿಯುವವನಿಗೆ ಪದವನ್ನು ವಾಕ್ಯದೊಳಗೆ ಕಣ್ಣಾರೆ ಕಾಣಬೇಕೆಂಬ ಆಸೆಯಿರುತ್ತದೆ, ಸ್ವಾಮೀ. ಮೊಲದ ಪುಸ್ತಕದಲ್ಲಿ ಪದವನ್ನು ದಪ್ಪಕ್ಷರದಲ್ಲಿ ಪೂರ್ತಿ ಬರೆದಿದ್ದಾರೆ, ಚಿತ್ರವನ್ನೂ ಹಾಕಿದ್ದಾರೆ. ದೊಡ್ಡ ಗ್ರಂಥದಲ್ಲಿ ಹಳೆಯ ಕಾವ್ಯಗಳ ಸಾಲುಗಳು ಒಂದಕ್ಷರವೂ ಬಿಡದೆ ಇವೆ. ತಮ್ಮಲ್ಲಿ ಮಾತ್ರ ಬರೀ ಗೆರೆ. ಶಾಯಿ ಉಳಿಸಿ ಯಾವ ಅರಮನೆ ಕಟ್ಟಿಸುತ್ತಿದ್ದೀರೋ ಎಂದು ನಾನು ಪ್ರತಿ ಸಂಜೆ ತಮಗೆ ಶಾಪ ಹಾಕುತ್ತಿದ್ದೆ.

ಹೀಗಿರುವಾಗ ಭಾವ ಬಂದು, ಅಮ್ಮನನ್ನು ಊರಾಚೆಯ ವೃದ್ಧಾಶ್ರಮಕ್ಕೆ ಸೇರಿಸುವುದೆಂದು ಹೇಳಿದರು. "ಅಮ್ಮನ ತಲೆ ಪೂರ್ತಿ ಹೋಗಿದೆ, ಏನ್ ಹೇಳ್ತಾರೋ ಅವರಿಗೇ ಗೊತ್ತಿಲ್ಲ, ಎಲ್ಲಿದ್ರೂ ಒಂದೇ" ಎಂಬುದು ಅವರ ವಾದ. ಜಾಗ ತೋರಿಸಲು ಕರೆದುಕೊಂಡು ಹೋದರು. ಜಾಗ ಚೊಕ್ಕಟವಾಗಿಯೇ ಇತ್ತು, ನರ್ಸುಗಳು ಒಳ್ಳೆಯವರೇ. ಆದರೆ ಅತ್ತೆ ಹೇಳಿದ ಒಂದೇ ಒಂದು ಪದ ಅಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಅಂಗಳದ ಕಾರಂಜಿಯ ತೊಟ್ಟಿಯನ್ನು ಕಂಡ ಅತ್ತೆ ಚಪ್ಪಲಿ ಬಿಟ್ಟು, ಕೋಲೂರಿಕೊಂಡು ನೀರಿಗಿಳಿದು, ಕೋಲಿನಿಂದ ಆಳ ಅಳೆದು, ತಲೆಯಲ್ಲಾಡಿಸಿ ಹೊರಬಂದರು. ಮಕ್ಕಳಿಗೆ ಪಾಠ ಮಾಡಲು ಆ ಆಳ ಸಾಲದೆಂಬುದು ನನಗೆ ತಕ್ಷಣ ತಿಳಿಯಿತು. ಭಾವನವರಿಗೆ ಅದು ಬುದ್ಧಿ ಕೆಟ್ಟಿರುವುದಕ್ಕೆ ಒದ್ದೆ ಕಾಲಿನ ಸಾಕ್ಷಿಯಾಗಿ ಕಂಡಿತು. ಅಣ್ಣ ತಂಗಿಯರಿಗೆ ಮಾತಿಗೆ ಮಾತು ಬೆಳೆದು, ಕೊನೆಗೆ ಆಸ್ಪತ್ರೆಯ ಪರೀಕ್ಷಕಿಯೊಬ್ಬರು ಬಂದು ನೋಡಲಿ, ಅತ್ತೆಗೆ ಗ್ರಹಿಕೆಯಿದೆ ಎಂದರೆ ಎಲ್ಲಿರಬೇಕೆಂದು ಅವರೇ ಹೇಳಲಿ, ಇಲ್ಲವೆಂದರೆ ಭಾವ ಹೇಳಿದಂತಾಗಲಿ ಎಂದು ತೀರ್ಮಾನವಾಯಿತು.

ಪರೀಕ್ಷಕಿ ಬಂದರು. ಸಮಾಧಾನದ ಹೆಂಗಸು, ಚೀಲದಲ್ಲಿ ಪ್ರಶ್ನೆಗಳಿದ್ದವು. ಒಂದೊಂದು ಪದ ಹೇಳಿ ಅದರ ಅರ್ಥ ಕೇಳಬೇಕು, ನಾನು ಅನುವಾದಿಸಬೇಕು. "ನಿಮ್ಮ ಮೇಲೆ ಅನುಮಾನ ಅಂತಲ್ಲ, ಆದ್ರೆ ನೀವು ಮನೆಯವರು. ಉತ್ತರ ಸರಿ ಅನ್ನೋಕೆ ನನಗೊಂದು ಪುಸ್ತಕ ಬೇಕು" ಎಂದರು. ನಾನು ಮದುವೆಯ ದಿನದ ಹುಮ್ಮಸ್ಸಿನಲ್ಲಿ ತಮ್ಮ ನಿಘಂಟನ್ನು ಮುಂದಿಟ್ಟೆ. ನಾನೇ ಕೈಯಾರೆ ತಂದು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದ ತಾವು ಆ ಮುದುಕಿಗೆ ಏನು ಮಾಡಿದಿರೆಂದು ಈಗ ಕೇಳಿ.

ನೀರು ಎಂದರೇನು? "ಬಾಯಿ ಮುಚ್ಕೊಳ್ದೆ ಇರೋರ ಮೂಗಿಗೆ ಹೋಗೋದು" ಎಂದರು ಅತ್ತೆ. ಪರೀಕ್ಷಕಿ ಪುಸ್ತಕದಲ್ಲೇನಿದೆ ಎಂದರು; ನಾನು ಇದ್ದದ್ದನ್ನು ಇದ್ದಂತೆ ಓದಿ ಹೇಳಿದೆ, ತಾವು ಜಲಜನಕ, ಆಮ್ಲಜನಕ ಎಂದಿರಿ. ತಪ್ಪು. ಬಾಗಿಲು ಎಂದರೇನು? ಅತ್ತೆ ಭಾವನ ಕಡೆ ನೋಡಿ, "ಇವನು ಹುಟ್ಟಿದಾಗಿನಿಂದ ಹಾಕದೆ ಇರೋದು" ಎಂದರು, ಮತ್ತು ನಿಜಕ್ಕೂ ಭಾವ ಒಳಗೆ ಬಂದಾಗಿನಿಂದ ಬಾಗಿಲು ತೆರೆದೇ ಇತ್ತು, ಹಾಳು ಗಾಳಿ ಬೀಸುತ್ತಿತ್ತು. ತಾವು 'ಕಟ್ಟಡದ ಪ್ರವೇಶದ್ವಾರವನ್ನು ತೆರೆಯಲು, ಮುಚ್ಚಲು ಇರುವ ಹಲಗೆ' ಎಂದಿರಿ. ತಪ್ಪು. ಹೀಗೆ ಅತ್ತೆ ಹೇಳಿದ್ದಕ್ಕೆಲ್ಲ ತಾವು ಅಡ್ಡಬಾಯಿ ಹಾಕುತ್ತಾ ಹೋದಿರಿ, ಪರೀಕ್ಷಕಿ ಬೇಸರದ ಮುಖದಲ್ಲೇ ತಪ್ಪು ಹಾಕುತ್ತಾ ಹೋದರು. ಒಂದಾದ ಮೇಲೊಂದು ಉತ್ತರ ಕೊಟ್ಟು, ಎಲ್ಲವೂ ಸರಿಯಾಗಿದೆಯೆಂಬ ನಂಬಿಕೆಯಲ್ಲಿ ಅತ್ತೆ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಆ ಹೊತ್ತಿನಲ್ಲಿ ತಾವು ಕೈಗೆ ಸಿಕ್ಕಿದ್ದರೆ, ಮಾನ್ಯರೇ, ಆ ಮಹಾಗ್ರಂಥವನ್ನು ತಮ್ಮ ತಲೆಯ ಮೇಲೆ ಹಾಕುತ್ತಿದ್ದೆ.

ಪರೀಕ್ಷಕಿ ಚೀಲ ಮುಚ್ಚುತ್ತಿದ್ದರು, ಭಾವ ಕಾರಿನ ಕೀ ಹುಡುಕುತ್ತಿದ್ದರು. ಎಷ್ಟು ಕೆಟ್ಟ ಪರೀಕ್ಷೆ ಎಂದು ನನ್ನೊಳಗೇ ಕುದಿಯುತ್ತಿದ್ದೆ. ನನ್ನ ಅಂಗಡಿಯಲ್ಲಿ ಹೀಗೆ ಮಾಡಿದರೆ ಊರಿನವರೆಲ್ಲ ಕುರುಡರಾಗುತ್ತಿದ್ದರು. ನಾವು ಅಕ್ಷರ ಏನೆಂದು ವಿವರಿಸಿ ಎನ್ನುವುದಿಲ್ಲ. ಒಂದನ್ನು ಮುಚ್ಚುತ್ತೇವೆ, ಇನ್ನೊಂದರಲ್ಲಿ ಏನು ಕಾಣುತ್ತದೆಂದು ಕೇಳುತ್ತೇವೆ. ಆಗ ತಮ್ಮ ಪುಟ ನನ್ನ ಕಣ್ಣೆದುರಿಗೆ ತೆರೆದೇ ಇತ್ತು, ಮತ್ತು ಅದರ ತುಂಬ ತಮ್ಮ ಆ ದರಿದ್ರ ಅಡ್ಡಗೆರೆಗಳು ಸಾಲಾಗಿ ಮಲಗಿದ್ದವು. ನಾನು ಹೋಗಿ ನನ್ನ ಅಂಗಡಿಯ ಚೀಲದಿಂದ, ಗಿರಾಕಿಗಳ ಕಣ್ಣು ಮುಚ್ಚುವ ಆ ಕಪ್ಪು ಸೌಟನ್ನು ತಂದೆ.

ಪರೀಕ್ಷಕಿಗೆ ನಾನು ಹೇಳಿದ್ದಿಷ್ಟೇ: ನೀವೇ ಎಲ್ಲಾದರೂ ಪುಸ್ತಕ ತೆರೆಯಿರಿ, ನೀವೇ ಒಂದು ಪದದ ಮೇಲೆ ಈ ಸೌಟು ಇಡಿ, ಕೆಳಗಿನ ಅರ್ಥವನ್ನು ಅತ್ತೆ ಓದಲಿ, ಮುಚ್ಚಿರುವ ಪದ ಯಾವುದೆಂದು ಬರೆಯಲಿ. ಆಮೇಲೆ ಸೌಟು ತೆಗೆದು ಎರಡರ ಆಕಾರ ಒಂದೇ ಇದೆಯೇ ನೋಡಿ. ಭಾಷೆ ಬರಬೇಕಾಗಿಲ್ಲ, ನನ್ನನ್ನು ನಂಬಬೇಕಾಗಿಯೂ ಇಲ್ಲ. ಎರಡು ಭಾಷೆಯ ನಿಘಂಟಿನಲ್ಲಿ ಇದು ಆಗದು, ಅರ್ಥವನ್ನು ಅತ್ತೆ ಓದಲಾರರು. ಮೊಲದ ಪುಸ್ತಕದಲ್ಲಿ ಚಿತ್ರವೇ ಉತ್ತರ ಹೇಳಿಬಿಡುತ್ತದೆ. ದೊಡ್ಡದರಲ್ಲಿ ಪದದ ಮೇಲೆ ಸೌಟಿಟ್ಟರೆ ಸತ್ತ ಕವಿಗಳು ಕೆಳಗಿನಿಂದ ಅದನ್ನೇ ಕೂಗಿ ಹೇಳುತ್ತಾರೆ. ತಮ್ಮದೊಂದರಲ್ಲಿ ಮಾತ್ರ, ತಮ್ಮ ಅಮೋಘ ಜಿಪುಣತನದ ದಯೆಯಿಂದ, ಪದವನ್ನು ಒಂದು ಕಡೆ ಮುಚ್ಚಿದರೆ ಸಾಕು, ಮತ್ತೆಲ್ಲೂ ಅದು ತಲೆಯೆತ್ತುವುದಿಲ್ಲ.

ಪರೀಕ್ಷಕಿಗೆ ಕುತೂಹಲ ಹುಟ್ಟಿತು, ಮತ್ತೆ ಕುಳಿತರು. ಸೌಟು ಇಟ್ಟರು. ಅತ್ತೆ ಪುಟದಲ್ಲಿದ್ದ ಅರ್ಥವನ್ನು ಓದಿ, ಮೂಗು ಮುರಿದು, ತಮಗೊಂದು ಬೈಗುಳ ಸಲ್ಲಿಸಿ, ಎಡಗೈಯಲ್ಲಿ ದೊಡ್ಡದಾಗಿ ಬರೆದರು. ಸೌಟು ತೆಗೆದರೆ ಎರಡೂ ಒಂದೇ. ಇನ್ನೊಂದು, ಒಂದೇ. ಮತ್ತೊಂದು, ಒಂದೇ. ಪರೀಕ್ಷಕಿ ಹಿಂದಿನ ಪುಟ, ಮುಂದಿನ ಪುಟ, ನಡುವಿನ ಪುಟ ತಿರುವಿದರು, ಬೇಕೆಂದೇ ಕಷ್ಟದ್ದನ್ನು ಹುಡುಕುವವರಂತೆ ಅತ್ಯಂತ ಕೊಂಕಾದ ಅಕ್ಷರಗಳಿದ್ದ ಕಡೆ ಸೌಟಿಟ್ಟರು. ಅತ್ತೆಯ ಅಕ್ಷರ ಸೊಟ್ಟಗಿತ್ತು, ಬುದ್ಧಿ ನೆಟ್ಟಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನ ಹೆಂಡತಿ ಪ್ರತಿ ಸಲವೂ ಜಪಾನಿಯಲ್ಲಿ "ಕಾಲು ಬಡಿ! ಕಾಲು ಬಡಿ!" ಎಂದು ಕೂಗುತ್ತಿದ್ದಳು. ಒಂದೇ ಒಂದು ಪದ ತಪ್ಪಾಯಿತು, ಆಕಾರ ಹೊಂದಲಿಲ್ಲ. "ಇಲ್ಲೊಂದು ತಪ್ಪಿದೆಯಲ್ಲ" ಎಂದರು ಭಾವ, ಆದರೆ ಅವರ ದನಿ ಆಗಲೇ ಇಳಿದಿತ್ತು.

ಗ್ರಹಿಕೆಗೆ ಏನೂ ಆಗಿಲ್ಲವೆಂದು ಪರೀಕ್ಷಕಿ ಬರೆದರು. ಎಲ್ಲಿರಬೇಕೆಂದು ಕೇಳಿ ಎಂದು ನನಗೆ ಹೇಳಿದರು, ನಾನು ಕೇಳಿದೆ. ಅತ್ತೆ ಕುಳಿತಲ್ಲಿಂದಲೇ ಎಡಗೈಯಿಂದ ಹಾಸಿಗೆಯನ್ನು ತಟ್ಟಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ. ಭಾವ ತಾಯಿಯ ಹತ್ತಿರ ಹೋಗಿ, ಮೊದಲ ಬಾರಿಗೆ ಮೆಲ್ಲನೆ, "ಸರಿ ಅಮ್ಮಾ" ಎಂದರು. ಹೊರಡುವಾಗ ಬಾಗಿಲು ಹಾಕಿಕೊಂಡು ಹೋದರು. ಅತ್ತೆ ಗಾಬರಿಯಾಗಿ, ಅವನಿಗೆ ಹುಷಾರಿಲ್ಲವೇ ಎಂದು ನನ್ನನ್ನು ಕೇಳಿದರು.

ಆದ್ದರಿಂದ, ಮಾನ್ಯರೇ, ಮೊದಲ ಸುತ್ತಿನಲ್ಲಿ ತಾವು ನಮ್ಮ ಅತ್ತೆಯ ವಿರುದ್ಧ ಹೇಳಿದ ಸಾಕ್ಷ್ಯವನ್ನು ಹೊಟ್ಟೆಗೆ ಹಾಕಿಕೊಂಡು, ಎರಡನೆಯ ಸುತ್ತಿನ ತಮ್ಮ ಅಡ್ಡಗೆರೆಗಳಿಗೆ ಸಾಷ್ಟಾಂಗ ನಮಸ್ಕಾರ ಮಾಡಿ, ಕೆಲವು ಸಣ್ಣ ಬೇಡಿಕೆಗಳನ್ನು ಮುಂದಿಡುತ್ತಿದ್ದೇನೆ. ಮುಂದಿನ ಆವೃತ್ತಿಯಲ್ಲಿ ಅತ್ತೆಯ ಅರ್ಥಗಳನ್ನೆಲ್ಲ ಸೇರಿಸಬೇಕು. ಇನ್ನಾವ ಮುದುಕಿಯೂ ನೀರೆಂದರೆ ಮೂಗಿಗೆ ಹೋಗುವುದೆಂದು ಹೇಳಿ ಮನೆ ಕಳೆದುಕೊಳ್ಳುವಂತಾಗಬಾರದು. ಜಾಗ ಸಾಲದಿದ್ದರೆ ಜಲಜನಕವನ್ನು ತೆಗೆಯಬಹುದು, ಅದನ್ನು ಕೇಳಿಕೊಂಡು ನಮ್ಮ ಮನೆಗೆ ಯಾರೂ ಬಂದಿಲ್ಲ. ಪುಸ್ತಕವನ್ನು ನೀರಿನಲ್ಲಿ ನೆನೆಯದ ಹಾಳೆಯಲ್ಲಿ ಮುದ್ರಿಸಬೇಕು, ಏಕೆಂದರೆ ಅತ್ತೆ ಈಗ ಗಾಲಿಕುರ್ಚಿಯಲ್ಲಿ ಈಜುಕೊಳದ ಅಂಚಿಗೆ ಹೋಗಿ ಕುಳಿತು, ಅಲ್ಲಿನ ಮಕ್ಕಳಿಗೆ ಜಪಾನಿಯಲ್ಲಿ ಬೈಯಲು ಶುರುಮಾಡಿದ್ದಾರೆ, ತಾವೂ ಜೊತೆಗಿರುತ್ತೀರಿ. ಕೊನೆಯದಾಗಿ, 'ಈಜು' ಎಂಬ ನಮೂದನ್ನು ಬರೆದ ಮಹನೀಯರು ಇನ್ನೂ ಬದುಕಿದ್ದರೆ, ಅವರನ್ನು ಒಂದು ಟವೆಲ್ಲಿನ ಸಮೇತ ಇಲ್ಲಿಗೆ ಕಳಿಸಿಕೊಡಬೇಕು. ಪಾಠ ಬೆಳಿಗ್ಗೆ ಬೇಗ ಶುರುವಾಗುತ್ತದೆ, ತಡವಾಗಿ ಬಂದವರನ್ನು ಅತ್ತೆ ನೇರವಾಗಿ ಆಳದ ಕಡೆಗೇ ಇಳಿಸುತ್ತಾರೆ.

ಉತ್ತರ ಬರೆಯುವ ಕಷ್ಟ ತೆಗೆದುಕೊಳ್ಳಬೇಡಿ. ಬರೆದರೆ ಅದನ್ನೂ ಅತ್ತೆ ತಿದ್ದುತ್ತಾರೆ.

ತಮ್ಮ ವಿಶ್ವಾಸಿ, ತಮ್ಮ ಮೇಲೆ ಸಿಟ್ಟು ಪೂರ್ತಿ ಇಳಿಯದ,
ಬಸ್ ನಿಲ್ದಾಣದ ಎದುರಿನ ಕನ್ನಡಕದವನು

ಮರೆತ ಮಾತು: ಆ ಒಂದು ತಪ್ಪು ಯಾವುದೆಂದು ಹೇಳಲಿಲ್ಲ. ಪರೀಕ್ಷಕಿಯ ಸೌಟು ಬಿದ್ದದ್ದು 'ಅಳಿಯ' ಎಂಬ ಪದದ ಮೇಲೆ. 'ಮಗಳ ಗಂಡ' ಎಂಬ ತಮ್ಮ ಅರ್ಥವನ್ನು ಓದಿದ ಅತ್ತೆ ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ಬೇರೊಂದು ಪದ ಬರೆದರು. ಅದರ ಅರ್ಥ ಆಗ ನನಗೆ ತಿಳಿಯಲಿಲ್ಲ. ಎಲ್ಲರೂ ಹೋದ ಮೇಲೆ ತಮ್ಮಲ್ಲೇ ಹುಡುಕಿದೆ. 'ಹಮಾಲಿ' ಎಂದಿತ್ತು, ಅರ್ಥ 'ಕೂಲಿ ಪಡೆದು ಬೇರೆಯವರ ಹೊರೆಯನ್ನು ಹೊರುವವನು'. ಮರುದಿನ ಅದೇ ಪುಟ ತೆಗೆದಾಗ ಅಲ್ಲೂ ಪೆನ್ಸಿಲ್ ಆಡಿತ್ತು: 'ಕೂಲಿ ಪಡೆದು' ಎಂಬುದನ್ನು ಹೊಡೆದುಹಾಕಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದರು. ತಮ್ಮ ಇಡೀ ನಿಘಂಟಿನಲ್ಲಿ ನಮ್ಮ ಅತ್ತೆ ಇಷ್ಟು ಕಡಿಮೆ ತಿದ್ದಿದ ನಮೂದು ಇನ್ನೊಂದಿಲ್ಲ.